ಮೀನು ಒಣಗಿಸುವ ನೆಲಕ್ಕೆ ನಕ್ಷೆಯಲ್ಲಿ ಯಾವ ಬಣ್ಣ?

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಸುಮಾರು 4,119 ಕೋಟಿ ರೂಪಾಯಿ ವೆಚ್ಚದ ವಾಣಿಜ್ಯ ಬಂದರು ಕಟ್ಟುವ ಹೊಣೆಯನ್ನು 2023ರ ಕೊನೆಯಲ್ಲಿ ಖಾಸಗಿ ಕಂಪನಿಯೊಂದಕ್ಕೆ ವಹಿಸಲಾಯಿತು. 2025ರ ಆರಂಭದಲ್ಲಿ ಅಲ್ಲಿನ ಕಡಲಲ್ಲಿ ಸಮೀಕ್ಷೆ ಶುರುವಾಗುತ್ತಿದ್ದಂತೆ ಮೀನುಗಾರರು ಬೀದಿಗಿಳಿದರು. 2020ರ ಜನವರಿಯಲ್ಲಿ ಕಾರವಾರದಲ್ಲೂ ಹೀಗೆಯೇ ಆಗಿತ್ತು. ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗೆ ಟ್ಯಾಗೋರ್ ಕಡಲತೀರದ ಬಳಿ ತಡೆಗೋಡೆ ಕಟ್ಟಲು ಹೊರಟಾಗ ಮೀನುಗಾರರು ದೋಣಿಗಳನ್ನು ದಡದಲ್ಲೇ ನಿಲ್ಲಿಸಿದರು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿ ಕೆಲಸಕ್ಕೆ ತಡೆ ಬಿತ್ತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಶರಾವತಿ ಅಳಿವೆಯ ಖಾಸಗಿ ಬಂದರಿನ ಜಗಳ ವರ್ಷಗಳಿಂದ ನಡೆದೇ ಇದೆ.

ದೂರದ ಓದುಗರಿಗೆ ಈ ಸುದ್ದಿಗಳು ಗೊಂದಲ ಹುಟ್ಟಿಸುತ್ತವೆ. ಸಮುದ್ರವನ್ನೇ ನಂಬಿದವರು ಬಂದರನ್ನು ಏಕೆ ಬೇಡವೆನ್ನುತ್ತಾರೆ? ಮನೆ ಕಳೆದುಕೊಂಡವರಿಗೆ ಪರಿಹಾರ ಕೊಟ್ಟರೆ ಸಾಲದೇ? ಹೋಗುವುದು ಖಾಲಿ ಮರಳು ತಾನೇ?

ಈ ಮೂರನೆಯ ಪ್ರಶ್ನೆಯಲ್ಲೇ ಸಮಸ್ಯೆಯ ಬೇರು ಇದೆ. ಅದು ಖಾಲಿ ಮರಳಲ್ಲ. ಆದರೆ ಸರ್ಕಾರದ ಕಾಗದದಲ್ಲಿ ಖಾಲಿ ಎಂದೇ ಇದೆ. ಕಣ್ಣಿಗೆ ಕಾಣುವುದಕ್ಕೂ ಕಾಗದದಲ್ಲಿ ಇರುವುದಕ್ಕೂ ನಡುವಿನ ಈ ಅಂತರವನ್ನು ಬಿಡಿಸಿ ನೋಡದೆ ಕರಾವಳಿಯ ಯಾವ ಬಂದರು ಜಗಳವೂ ಅರ್ಥವಾಗುವುದಿಲ್ಲ.

ಖಾಲಿ ಎಂದು ಕಾಣುವುದು ಹೇಗೆ

ಮಳೆಗಾಲ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಟೊಂಕದ ದಿಬ್ಬಗಳ ಮೇಲೆ ನಡೆಯುವ ಕೆಲಸವನ್ನು ನೋಡಬೇಕು. ದೋಣಿಗಳು ನಿಲ್ಲುವ ಧಕ್ಕೆಯಿಂದ ಬುಟ್ಟಿಗಳಲ್ಲಿ ಬಂದ ಮೀನನ್ನು ಹೆಂಗಸರು ತೊಳೆಯುತ್ತಾರೆ. ದೊಡ್ಡದನ್ನು ಸೀಳಿ ಉಪ್ಪು ತುಂಬುತ್ತಾರೆ, ಸಣ್ಣದನ್ನು ಹಾಗೆಯೇ ಮರಳಿಗೆ ಹಾಸಿದ ಹಳೆಯ ಬಲೆಯ ಮೇಲೆ ಹರಡುತ್ತಾರೆ. ಬಿಸಿಲು ಏರಿದಂತೆ ಒಂದು ಸಾಲನ್ನು ಮಗುಚಿ ಇನ್ನೊಂದಕ್ಕೆ ಹೋಗುತ್ತಾರೆ. ಕಾಗೆ, ನಾಯಿಗಳನ್ನು ಓಡಿಸುವುದಕ್ಕೆ ಒಬ್ಬರು ಕೋಲು ಹಿಡಿದು ಕೂರಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಎಲ್ಲವನ್ನೂ ಬಳಿದು ಒಟ್ಟುಮಾಡಬೇಕು. ಅಡಿಯಿಂದ ಮರಳಿನ ಕಾವು, ಮೇಲಿನಿಂದ ಬಿಸಿಲು, ಬದಿಯಿಂದ ಕಡಲಗಾಳಿ ಸೇರಿದರೆ ಮಾತ್ರ ಮೀನು ಹುಳ ಬೀಳದೆ ಒಣಗುತ್ತದೆ. ಯಾರ ಹಾಸು ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಬೇಲಿ ಇಲ್ಲ, ಎಲ್ಲರಿಗೂ ಗೊತ್ತಿರುವ ರೂಢಿ ಇದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವಾಗ ಕರಾವಳಿಯ ಮನೆಗಳಲ್ಲೂ ಘಟ್ಟದ ಮೇಲಿನ ಸಂತೆಗಳಲ್ಲೂ ಸಾರಿಗೆ ಬೀಳುವುದು ಈ ಒಣಮೀನೇ.

ಮಳೆ ಹಿಡಿದ ಕೂಡಲೇ ಬಲೆ ಸುತ್ತಿ ಒಳಗೆ ಹೋಗುತ್ತದೆ. ಒಂದು ಗೂಟವೂ ಉಳಿಯುವುದಿಲ್ಲ. ಆ ದಿನಗಳಲ್ಲಿ ಅಳತೆಗೆ ಬಂದವರಿಗೆ ಕಾಣುವುದು ದಿಬ್ಬ, ಬಂಗಡೆ ಬಳ್ಳಿ, ನೀರು ಅಷ್ಟೇ. ಅಲ್ಲಿ ಕಟ್ಟಡವಿಲ್ಲ, ಆದ್ದರಿಂದ ತೆರಿಗೆಯಿಲ್ಲ. ತೆರಿಗೆಯಿಲ್ಲದ ಕಡೆ ಖಾತೆಯಿಲ್ಲ, ಖಾತೆಯಿಲ್ಲದವರಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲ. ತಲೆಮಾರುಗಳಿಂದ ಬಳಕೆಯಲ್ಲಿರುವ ನೆಲ ‘ಸರ್ಕಾರಿ ಖಾಲಿ ಜಾಗ’ವಾಗುವುದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ದಾಖಲೆಯ ಪದ್ಧತಿಯೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಇದೇ ಕಾಸರಕೋಡಿನ ಇನ್ನೊಂದು ಮಗ್ಗುಲಿಗೆ 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಒಂದೇ ಊರಿನ ಮರಳು ಪ್ರವಾಸೋದ್ಯಮ ಇಲಾಖೆಗೆ ಸ್ವಚ್ಛ ಕಡಲತೀರ, ಬಂದರು ಇಲಾಖೆಗೆ ಸರಕು ಇಳಿಸುವ ಜಾಗ, ಅರಣ್ಯ ಇಲಾಖೆಗೆ ಕಡಲಾಮೆ ಮೊಟ್ಟೆಯಿಡುವ ನೆಲೆ. ಮೂರಕ್ಕೂ ಕಡತವಿದೆ. ನಾಲ್ಕನೆಯದಾದ ಮೀನು ಒಣಗಿಸುವವರ ಬಳಕೆಗೆ ಮಾತ್ರ ಕಡತವಿಲ್ಲ.

ಯೋಜನೆಯ ಭಾಷೆಯಲ್ಲಿ ಸಂಸ್ಕೃತಿ

ನಗರ ಯೋಜನೆಯಲ್ಲಿ ಸಂಸ್ಕೃತಿಗೆ ಜಾಗವೇ ಇಲ್ಲವೆಂದರೆ ತಪ್ಪಾಗುತ್ತದೆ. 1992ರ ಎಪ್ಪತ್ತನಾಲ್ಕನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಸಭೆ, ಪುರಸಭೆಗಳ 18 ಕೆಲಸಗಳ ಪಟ್ಟಿಯಿದೆ. ಅದರ ಮೊದಲ ಬಾಬ್ತು ನಗರ ಯೋಜನೆ, ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ ಹಾಗೂ ಸೌಂದರ್ಯ ಸಂಬಂಧಿ ಅಂಶಗಳನ್ನು ಬೆಳೆಸುವುದು. ಎರಡೂ ಒಂದೇ ಸಂಸ್ಥೆಯ ಕೆಲಸ. ಆದರೆ ನಡೆಯುವುದು ಬೇರೆ ಬೇರೆ ಕೋಣೆಗಳಲ್ಲಿ.

ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಕಟ್ಟಡಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ಒಂದು ಜಾಗಕ್ಕೆ ಒಂದು ಬಣ್ಣ, ಅದೂ ವರ್ಷವಿಡೀ. ಬೆಳಿಗ್ಗೆ ಬಲೆ ಎಳೆಯುವ, ಮಧ್ಯಾಹ್ನ ಮೀನು ಒಣಗಿಸುವ, ಸಂಜೆ ಮಕ್ಕಳು ಆಡುವ, ಸುಗ್ಗಿಯ ಹೊತ್ತಿಗೆ ಕುಣಿತ ಹಾಯುವ ನೆಲಕ್ಕೆ ಈ ಪೆಟ್ಟಿಗೆಯಲ್ಲಿ ಬಣ್ಣವಿಲ್ಲ. ಪರಂಪರೆ ಎಂಬ ಪದ ಯೋಜನಾ ಕಾನೂನಿನಲ್ಲಿ ಇದೆಯಾದರೂ ಅದು ಕಟ್ಟಡಕ್ಕೆ, ಕಟ್ಟಡದ ಸುತ್ತಲಿನ ಪ್ರದೇಶಕ್ಕೆ ಅಂಟಿಕೊಂಡಿದೆ. ಬಂದರಿನಂಥ ಯೋಜನೆಗೆ ಅರ್ಜಿ ಹಾಕುವಾಗ 2006ರ ಪರಿಸರ ಪರಿಣಾಮ ಅಧಿಸೂಚನೆಯ ನಮೂನೆ ಸುತ್ತಮುತ್ತ ಆಸ್ಪತ್ರೆ, ಶಾಲೆ, ಪೂಜಾಸ್ಥಳ, ಸಮುದಾಯ ಸೌಲಭ್ಯಗಳಿವೆಯೇ ಎಂದು ಕೇಳುತ್ತದೆ. ಗುಡಿ ಇದ್ದರೆ ಬರೆಯುತ್ತಾರೆ. ಗುಡಿಯ ಮುಂದಿನ ಮರಳನ್ನು ಬರೆಯುವುದಿಲ್ಲ.

ಉಳಿದಂತೆ ಸಂಸ್ಕೃತಿ ಎಂದರೆ ಉತ್ಸವ. ಕಾರವಾರದ ಕಡಲತೀರದಲ್ಲಿ ಮಯೂರವರ್ಮ ವೇದಿಕೆಯಿದೆ, ಕರಾವಳಿ ಉತ್ಸವ ನಡೆದಾಗ ದೀಪಗಳು ಹೊತ್ತಿಕೊಳ್ಳುತ್ತವೆ. ಅದು ಬೇಡವೆಂದು ಯಾರೂ ಹೇಳುವುದಿಲ್ಲ. ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವಾಗಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಜಿಲ್ಲೆಯೇ ಹೆಮ್ಮೆಪಟ್ಟಿತು. ಆದರೆ ಆ ಹಾಡುಗಳು ವೇದಿಕೆಗಾಗಿ ಹುಟ್ಟಿದವಲ್ಲ. ನಾಟಿಯ ಗದ್ದೆ, ಮದುವೆಯ ಅಂಗಳ, ಸುಗ್ಗಿಯ ದಾರಿ ಅವುಗಳ ಮನೆ. ಹಾಡಿದವರಿಗೆ ಪ್ರಶಸ್ತಿ ಕೊಡುವುದು ಒಂದು ಇಲಾಖೆ, ಗದ್ದೆಯನ್ನು ಯೋಜನೆಗೆ ಸ್ವಾಧೀನ ಮಾಡಿಕೊಳ್ಳುವುದು ಇನ್ನೊಂದು. ಇಬ್ಬರೂ ಒಂದೇ ಮೇಜಿನ ಮುಂದೆ ಕೂರುವ ಸಂದರ್ಭವೇ ಬರುವುದಿಲ್ಲ.

ಸಂಸ್ಕೃತಿಯ ಹೆಸರೇ ಎತ್ತದ ನೀತಿಗಳೂ ಸಂಸ್ಕೃತಿಯನ್ನು ತಿದ್ದುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳಿಗೆಂದು ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟರೂ ಅದು ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿಯವರೆಗೆ. ಬೆಳಗಾಗುವ ತನಕ ನಡೆಯುತ್ತಿದ್ದ ಬಯಲಾಟ ‘ಕಾಲಮಿತಿ’ಗೆ ಇಳಿದದ್ದಕ್ಕೆ ಪ್ರೇಕ್ಷಕರ ದಿನಚರಿ ಬದಲಾದದ್ದೂ ಕಾರಣ, ಈ ನಿಯಮವೂ ಕಾರಣ. ನಿಯಮದ ಉದ್ದೇಶ ಒಳ್ಳೆಯದೇ. ಇಡೀ ರಾತ್ರಿಯ ಪ್ರಸಂಗವೊಂದು ಎಲ್ಲಿ ನಡೆಯಬಹುದು ಎಂಬ ಪ್ರಶ್ನೆಯನ್ನು ಮಾತ್ರ ಅದನ್ನು ಬರೆಯುವಾಗ ಯಾರೂ ಕೇಳಿಕೊಳ್ಳಲಿಲ್ಲ.

ಘಟ್ಟದ ಮೇಲೆ ಬೇರೆಯೇ ಲೆಕ್ಕ

ಇದೇ ಜಿಲ್ಲೆಯ ಶಿರಸಿಗೆ ಹೋದರೆ ಸಂಸ್ಕೃತಿಯೇ ಊರಿನ ಯೋಜನೆಯನ್ನು ಬರೆದಿರುವುದು ಕಾಣುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ದೇವಿ ರಥವೇರಿ ಬಿಡಕಿಬೈಲಿಗೆ ಬಂದು ಗದ್ದುಗೆಯ ಮೇಲೆ ಕೂರುತ್ತಾಳೆ. ಒಂಬತ್ತು ದಿನಗಳ ಈ ಜಾತ್ರೆಗಾಗಿ ಪೇಟೆಯ ನಟ್ಟನಡುವಿನ ಬಯಲು, ಅಲ್ಲಿಗೆ ರಥ ಬರುವ ದಾರಿ, ಸುತ್ತಲಿನ ಅಂಗಡಿ ಸಾಲು ಎಲ್ಲವೂ ಜಾಗ ಬಿಟ್ಟುಕೊಡುತ್ತವೆ. ಬಸ್ಸುಗಳ ದಾರಿ ಬದಲಾಗುತ್ತದೆ, ಅಂಗಡಿ ಜಾಗಗಳು ಹರಾಜಾಗುತ್ತವೆ, ನೀರು, ವಿದ್ಯುತ್, ಪೊಲೀಸ್ ವ್ಯವಸ್ಥೆ ತಿಂಗಳ ಮೊದಲೇ ಸಭೆಗಳಲ್ಲಿ ನಿಗದಿಯಾಗುತ್ತದೆ. ಜಾತ್ರೆಯಿಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿ, ಕತ್ತಿ ಗುರಾಣಿ ಹಿಡಿದು ತಮಟೆಯ ಹೊಡೆತಕ್ಕೆ ಮುನ್ನುಗ್ಗುವ ಬೇಡನನ್ನು ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿರುತ್ತಾರೆ. ಅದಕ್ಕೆ ಬೀದಿಯ ಪೂರ್ತಿ ಅಗಲ ಬೇಕು, ಶಿರಸಿ ಕೊಡುತ್ತದೆ. ಒಂದು ವರ್ಷ ಬಯಲು, ಮರುವರ್ಷ ಬೀದಿ: ಊರು ಈ ಕ್ರಮಕ್ಕೆ ಒಗ್ಗಿಕೊಂಡಿದೆ.

ಅಡಿಕೆ ತೋಟಗಳ ಸೊಪ್ಪಿನಬೆಟ್ಟದ್ದೂ ಇದೇ ಕಥೆ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ರೂಢಿಯನ್ನು ಬ್ರಿಟಿಷ್ ಆಡಳಿತವೇ ಒಪ್ಪಿ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಗುರುತಿಸಿಕೊಟ್ಟಿತು. ಒಂದು ಬದುಕಿನ ಕ್ರಮ ಎಕರೆ ಗುಂಟೆಯಾಗಿ ದಾಖಲೆ ಸೇರಿತು.

ಘಟ್ಟದ ಮೇಲೆ ಆದದ್ದು ಕೆಳಗೆ ಏಕೆ ಆಗಲಿಲ್ಲ? ಮಾರಿಕಾಂಬೆಗೆ ದೇವಸ್ಥಾನವಿದೆ, ಆಡಳಿತ ಮಂಡಳಿಯಿದೆ, ಲೆಕ್ಕಪುಸ್ತಕವಿದೆ, ಜಾತ್ರೆಯಿಂದ ಇಡೀ ಪೇಟೆಗೆ ವ್ಯಾಪಾರವಿದೆ. ಬೆಟ್ಟದ ಹಿಂದೆ ತೋಟದ ಒಡೆಯರಿದ್ದರು, ಕಂದಾಯ ಕಟ್ಟುತ್ತಿದ್ದರು, ಅರ್ಜಿ ಬರೆಯಬಲ್ಲವರಾಗಿದ್ದರು. ಮೀನು ಒಣಗಿಸುವ ಹರಿಕಂತ್ರ, ಖಾರ್ವಿ, ಅಂಬಿಗ, ಮೊಗೇರ ಹೆಂಗಸರ ನೆಲಕ್ಕೆ ಧರ್ಮದರ್ಶಿಗಳಿಲ್ಲ. ಸರ್ಕಾರ ಗುರುತಿಸಿದ್ದು ಸಂಸ್ಕೃತಿಯ ಹಿರಿಮೆಯನ್ನಲ್ಲ, ಅದರ ಹಿಂದೆ ನಿಂತವರ ಬಲವನ್ನು. ಇದನ್ನು ಹೇಳದೆ ‘ಸಂಸ್ಕೃತಿಗೆ ಮನ್ನಣೆ’ ಎಂದು ಬರೆಯುವುದು ಪ್ರಾಮಾಣಿಕವಲ್ಲ.

ಬಂದರು ಬೇಕೆನ್ನುವವರ ಮಾತು

ಎದುರು ವಾದವನ್ನೂ ಅದರ ತೂಕಕ್ಕೆ ತಕ್ಕಂತೆ ಕೇಳಬೇಕು. ಸುಮಾರು 320 ಕಿಲೋಮೀಟರ್ ಕರಾವಳಿಯಿರುವ ಕರ್ನಾಟಕದಲ್ಲಿ ಕೇಂದ್ರದ ಅಧೀನದ ಪ್ರಮುಖ ಬಂದರು ಇರುವುದು ಮಂಗಳೂರಿನಲ್ಲಿ ಮಾತ್ರ. ಆ ಕರಾವಳಿಯ ಹತ್ತಿರ ಹತ್ತಿರ ಅರ್ಧ ಉತ್ತರ ಕನ್ನಡದ್ದು. ಹುಬ್ಬಳ್ಳಿ, ಬಳ್ಳಾರಿ ಕಡೆಯ ಅದಿರು, ಕಲ್ಲಿದ್ದಲು, ಉಕ್ಕಿಗೆ ಹತ್ತಿರದ ಕಡಲು ಕಾರವಾರ, ಅಂಕೋಲೆಯದೇ. 164 ಕಿಲೋಮೀಟರಿನ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದ ಕೊನೆಯಿಂದ ಕಾಗದದ ಮೇಲಿದೆ. ಬಂದರು ಬಂದರೆ ಅದಕ್ಕೂ ಬಲ ಬರುತ್ತದೆ ಎಂಬ ಲೆಕ್ಕಾಚಾರವಿದೆ. ಜಿಲ್ಲೆಯ ಯುವಕರು ಕೆಲಸಕ್ಕಾಗಿ ಗೋವಾ, ಮುಂಬೈ, ಬೆಂಗಳೂರಿಗೆ ಹೋಗುತ್ತಿರುವುದೂ ನಿಜ. ತುರ್ತು ಚಿಕಿತ್ಸೆಗೆ ಇಂದಿಗೂ ಗೋವಾ, ಮಣಿಪಾಲ, ಹುಬ್ಬಳ್ಳಿಯ ದಾರಿ ಹಿಡಿಯಬೇಕಾದ ಊರುಗಳವರು ‘ನಮಗೆ ಏನೂ ಬರುವುದು ಬೇಡವೇ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಆಕ್ಷೇಪ ಇನ್ನೂ ಹರಿತವಾದದ್ದು. ಸಂಸ್ಕೃತಿ ಎಂದರೆ ಯಾರ ಸಂಸ್ಕೃತಿ? ಅದೇನು ನಿಂತ ನೀರೇ? ಮೀನುಗಾರರೇ ಪಾತಿ ದೋಣಿ ಬಿಟ್ಟು ಎಂಜಿನ್ ಹಾಕಿಕೊಂಡರು, ಹತ್ತಿಯ ಬಲೆ ಬಿಟ್ಟು ನೈಲಾನ್ ಹಿಡಿದರು. ಸಂಪ್ರದಾಯದ ಹೆಸರಿನಲ್ಲಿ ಕೆಲವರನ್ನು ಹೊರಗಿಟ್ಟದ್ದೂ ಉಂಟು. ಹಾಗಿರುವಾಗ ‘ನಮ್ಮ ಸಂಸ್ಕೃತಿ’ ಎಂದ ಮಾತ್ರಕ್ಕೆ ಯೋಜನೆ ನಿಲ್ಲಬೇಕೇ?

ನಿಲ್ಲಬೇಕಾಗಿಲ್ಲ. ಸಂಸ್ಕೃತಿಯನ್ನು ಭಾವನೆಯಾಗಿ ಮುಂದಿಟ್ಟರೆ ಈ ಆಕ್ಷೇಪಕ್ಕೆ ಉತ್ತರವೂ ಇಲ್ಲ. ನೆಲದ ಬಳಕೆಯಾಗಿ ಮುಂದಿಟ್ಟರೆ ಉತ್ತರವಿದೆ. ಎಷ್ಟು ಹೆಂಗಸರು, ಎಷ್ಟು ತಿಂಗಳು, ಎಷ್ಟು ಗುಂಟೆ, ಎಷ್ಟು ಮೀನು ಎಂದು ಎಣಿಸಬಹುದು. ಎಣಿಸಿದ ಮೇಲೆ ಬಂದರಿನ ಲಾಭದ ಜೊತೆ ತೂಗಬಹುದು. ತೂಗಿದ ಮೇಲೂ ಬಂದರೇ ಬೇಕು ಎಂದಾದರೆ ಅಷ್ಟೇ ಗಾಳಿ, ಅಷ್ಟೇ ಬಿಸಿಲು, ಧಕ್ಕೆಗೆ ಅಷ್ಟೇ ಹತ್ತಿರ ಇರುವ ಬದಲಿ ನೆಲ ಕೊಡಿ ಎಂದು ಕೇಳಬಹುದು. ಎಣಿಕೆಯೇ ಇಲ್ಲದ ಕಡೆ ಈ ಮೂರರಲ್ಲಿ ಒಂದೂ ಸಾಧ್ಯವಿಲ್ಲ. ಆಗ ಉಳಿಯುವುದು ಪ್ರತಿಭಟನೆ ಒಂದೇ.

ನೆಲ ಕೈತಪ್ಪಿದಾಗ ಆದದ್ದು

ಈ ಕರಾವಳಿಯಲ್ಲಿ ಇದಕ್ಕೆ ಹಿಂದಿನ ಪಾಠಗಳಿವೆ. ಕಾರವಾರದ ‘ಸೀಬರ್ಡ್’ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಅದು ಬೇಕಾಗಿತ್ತು ಎಂಬುದರಲ್ಲಿ ವಾದವಿಲ್ಲ. ಅರ್ಗಾ, ಬಿಣಗಾ ಸುತ್ತಲಿನ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದುಹೋದವು. ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. ಮನೆಗೆ ಬದಲಾಗಿ ನಿವೇಶನ ಸಿಕ್ಕಿತು, ದೋಣಿ ಎಳೆದು ನಿಲ್ಲಿಸುವ ದಡಕ್ಕೆ ಬದಲು ಸಿಗಲಿಲ್ಲ. ಸಮೀಪದ ಅಂಜದೀವ ದ್ವೀಪದ ಹಳೆಯ ಇಗರ್ಜಿಯ ಹಬ್ಬಕ್ಕೆ ದೋಣಿಗಳಲ್ಲಿ ಹೋಗುತ್ತಿದ್ದ ಯಾತ್ರೆಯೂ ನೌಕಾನೆಲೆಯ ಬಳಿಕ ನಿಂತಿತು. ಅತ್ತ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ಜನವರಿಯ ಹುಣ್ಣಿಮೆಯಂದು ಕಾರವಾರದಿಂದ ಬಾಳೆಗೊನೆ ಹೊತ್ತ ಭಕ್ತರನ್ನು ಮೀನುದೋಣಿಗಳು ಇಂದಿಗೂ ಒಯ್ಯುತ್ತವೆ. ಆ ಒಂದು ದಿನ ಕಡಲೇ ರಥಬೀದಿ. ಹಡಗುಗಳ ದಾರಿಯನ್ನು ಗುರುತಿಸುವ ನಕ್ಷೆಯಲ್ಲಿ ಈ ದಾರಿ ಇರುವುದಿಲ್ಲ.

ರಂಪಣಿಯದು ಇನ್ನೂ ಕಣ್ಣಿಗೆ ಕಟ್ಟುವ ಪಾಠ. ಉದ್ದನೆಯ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಒಟ್ಟಿಗೆ ಎಳೆಯುವ ಮೀನುಗಾರಿಕೆ ಅದು. ಬಂದ ಬಂಗಡೆ, ತಾರಲೆ ಎಳೆದವರಿಗೆಲ್ಲ ಪಾಲಾಗುತ್ತಿತ್ತು. ಅದಕ್ಕೆ ಅಡೆತಡೆಯಿಲ್ಲದ ಉದ್ದನೆಯ ದಡ ಬೇಕು. 1970ರ ದಶಕದ ಕೊನೆಗೆ ಸಾಲದ ನೆರವಿನಿಂದ, ಮೀನಿನ ಗುಂಪನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದು ಮೀನನ್ನು ದಡಕ್ಕೆ ಬರುವ ಮೊದಲೇ ಬಾಚತೊಡಗಿದವು. ಹಿಡಿಯುವಿಕೆ ಹೆಚ್ಚಾಯಿತು, ಪಾಲು ಕಡಿಮೆಯಾಯಿತು. ರಂಪಣಿ ಒಕ್ಕೂಟಗಳು ಒಡೆದವು. ಇಂದು ಉಳಿದಿರುವುದು ಸಣ್ಣ ಏಂಡಿ ಬಲೆಗಳು. ಮೀನುಗಾರಿಕೆಯನ್ನು ‘ಉತ್ಪಾದನೆ’ ಎಂದಷ್ಟೇ ನೋಡಿದ ನೀತಿ ಅದರೊಳಗೆ ಹಂಚಿಕೆಯ ವ್ಯವಸ್ಥೆಯೊಂದಿದೆ ಎಂಬುದನ್ನು ಕಾಣಲಿಲ್ಲ.

ಅಘನಾಶಿನಿ ನದಿಯ ಗಜನಿಗಳಲ್ಲೂ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಗಳಲ್ಲೂ, ಹೀಗೆಯೇ ಆಯಿತು. ಉಪ್ಪುನೀರನ್ನು ತಾಳುವ ಕಗ್ಗ ಭತ್ತ, ಭರತ ಇಳಿತಕ್ಕೆ ತಕ್ಕಂತೆ ತೆರೆದು ಮುಚ್ಚುವ ಜಂತ್ರಡಿ ಬಾಗಿಲು, ಊರೇ ಕೂಡಿ ಕಾಯುವ ಒಡ್ಡು. ಸಿಗಡಿ ಕೃಷಿಯ ಲಾಭ ಬಂದ ಮೇಲೆ ಕಗ್ಗ ಕುಗ್ಗಿತು, ಒಡ್ಡು ಕಾಯುವ ಕಟ್ಟುಪಾಡು ಸಡಿಲಾಯಿತು. 2024ರಲ್ಲಿ ಅಘನಾಶಿನಿ ಅಳಿವೆಗೆ, ಜೌಗು ಪ್ರದೇಶಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಬಂತು. ಅಳಿವೆಗೆ ಮನ್ನಣೆ ಸಿಕ್ಕಿತು, ಅದನ್ನು ನಡೆಸಿಕೊಂಡು ಬಂದ ಕಟ್ಟುಪಾಡಿಗೆ ಇನ್ನೂ ಸಿಕ್ಕಿಲ್ಲ.

ಟೊಂಕ, ಕೇಣಿಗಳಲ್ಲಿ ಒಣಗಿಸುವ ನೆಲ ಹೋದರೆ ಮುಂದೇನು? ಮೊದಲು ಮೀನು ರಾಷ್ಟ್ರೀಯ ಹೆದ್ದಾರಿ 66ರ ಅಂಚಿಗೆ, ಮನೆಯ ಅಂಗಳಕ್ಕೆ ಬರುತ್ತದೆ. ವಾಸನೆಯ ದೂರು ಶುರುವಾಗುತ್ತದೆ. ಧೂಳು ಕೂತ ಮೀನಿಗೆ ದರ ಬೀಳುತ್ತದೆ. ಆಮೇಲೆ ಹಸಿಮೀನನ್ನು ಸಿಕ್ಕ ಬೆಲೆಗೆ ಮೀನುಹಿಟ್ಟಿನ ಕಾರ್ಖಾನೆಗೆ ಕೊಡುವುದು ಅನಿವಾರ್ಯವಾಗುತ್ತದೆ. ದೋಣಿ ಗಂಡಸರದ್ದು, ಒಣಮೀನಿನ ದುಡ್ಡು ಹೆಂಗಸರ ಕೈಯದ್ದು. ಮೊದಲು ಬತ್ತುವುದು ಆ ದುಡ್ಡು. ಮಕ್ಕಳ ಶುಲ್ಕ, ಮಳೆಗಾಲದ ಅಕ್ಕಿ, ಸಂಘದ ಸಾಲದ ಕಂತು ಎಲ್ಲವೂ ಅದನ್ನೇ ನಂಬಿರುತ್ತವೆ.

ಕಾನೂನಿನೊಳಗೇ ಇರುವ ದಾರಿಗಳು

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ ಎಂಬುದು ಈ ವಿವಾದದಲ್ಲಿ ಹೆಚ್ಚು ಚರ್ಚೆಯಾಗದ ಸಂಗತಿ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಎಂದರೆ ಎಲ್ಲರಿಗೂ ನೆನಪಾಗುವುದು ದಡದಿಂದ 50 ಮೀಟರ್, 200 ಮೀಟರ್ ಒಳಗೆ ಕಟ್ಟಡ ಕಟ್ಟುವುದಕ್ಕಿರುವ ನಿರ್ಬಂಧ. ಅದೇ ಅಧಿಸೂಚನೆ ಮೀನುಗಾರರ ಹಳ್ಳಿಗಳು, ಸಮುದಾಯದ ಸಾಮೂಹಿಕ ಆಸ್ತಿಗಳು, ಧಕ್ಕೆಗಳು, ಮಂಜುಗಡ್ಡೆ ಘಟಕಗಳು, ಮೀನು ಒಣಗಿಸುವ ಜಾಗಗಳು ಇವನ್ನೆಲ್ಲ ಸರ್ವೆ ನಂಬರ್ ಮಟ್ಟದ ನಕ್ಷೆಯಲ್ಲಿ ತೋರಿಸಬೇಕು ಎಂದೂ ಹೇಳುತ್ತದೆ. ಹೊಸ ಬಣ್ಣ ಕೇಳುವ ಮೊದಲು ಈಗಿರುವ ನಕ್ಷೆಯಲ್ಲಿ ತಮ್ಮೂರಿನ ಒಣಗಿಸುವ ನೆಲ ಕಾಣುತ್ತದೆಯೇ ಎಂದು ಪ್ರತಿ ಪಂಚಾಯಿತಿ ನೋಡಬೇಕು. ಕಾಣದಿದ್ದರೆ ಅದು ಭಾವನೆಯ ದೂರಲ್ಲ, ನಿಯಮ ಪಾಲಿಸದ ದೂರು.

ಎರಡನೆಯದು ಕಂದಾಯದ ದಾರಿ. ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ‘ಬ’ ಖರಾಬಿನ, ಅಂದರೆ ಸಾರ್ವಜನಿಕ ಬಳಕೆಗೆಂದು ಕಂದಾಯ ಹಾಕದೆ ಬಿಟ್ಟ ನೆಲದ, ವ್ಯಾಖ್ಯೆ ಓದಿದರೆ ಆಶ್ಚರ್ಯವಾಗುತ್ತದೆ. ದಾರಿ, ಹಳ್ಳ, ಸ್ಮಶಾನಗಳ ಜೊತೆಗೆ ಊರಿನ ಕುಂಬಾರಿಕೆಗೆ ಬಿಟ್ಟ ನೆಲವೂ ಅಲ್ಲಿದೆ. ಮಡಕೆ ಸುಡುವ ಜಾಗ ಊರಿಗೆ ಬೇಕು ಎಂದು ಒಪ್ಪಿದ ಕಾನೂನಿಗೆ ಮೀನು ಒಣಗಿಸುವ ಜಾಗ ಒಪ್ಪದಿರುವ ಕಾರಣವಿಲ್ಲ. ಭೂಕಂದಾಯ ಕಾಯ್ದೆಯ 71ನೇ ಕಲಂ ಸರ್ಕಾರಿ ಜಮೀನನ್ನು ಗೋಮಾಳಕ್ಕೆ ಅಥವಾ ಬೇರೆ ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಡಲು ಅವಕಾಶ ಕೊಡುತ್ತದೆ. ಹಾಗೆ ಮೀಸಲಿಟ್ಟ ನೆಲವನ್ನು ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಬಂದರು ಇಲಾಖೆಯ ಹೆಸರಿಗೆ ಈಗಾಗಲೇ ಸೇರಿದ ಜಾಗಗಳಲ್ಲಿ ಇದು ಕಷ್ಟ. ಉಳಿದ ಕಡೆ ಸಾಧ್ಯ.

ಒಡಿಶಾದ ನಿಯಮಗಿರಿ ಪ್ರಕರಣವನ್ನು ಪ್ರತಿಭಟನಾಕಾರರು ಆಗಾಗ ಎತ್ತುತ್ತಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಯ ಪ್ರಶ್ನೆಯಲ್ಲಿ ಡೋಂಗ್ರಿಯಾ ಕೊಂಧ ಬುಡಕಟ್ಟಿನವರ ಧಾರ್ಮಿಕ, ಸಾಂಸ್ಕೃತಿಕ ಹಕ್ಕುಗಳ ಬಗ್ಗೆ ಗ್ರಾಮಸಭೆಗಳೇ ನಿರ್ಧರಿಸಲಿ ಎಂದಿತು. 12 ಗ್ರಾಮಸಭೆಗಳೂ ಗಣಿ ಬೇಡ ಎಂದವು. ಆದರೆ ಆ ತೀರ್ಪಿಗೆ ಅರಣ್ಯ ಹಕ್ಕು ಕಾಯ್ದೆಯ ಬೆಂಬಲವಿತ್ತು. ಕಡಲತೀರದ ಮೀನುಗಾರರಿಗೆ ಅಂಥ ಕಾಯ್ದೆ ಇಲ್ಲ. ಆದ್ದರಿಂದ ಇಲ್ಲಿನವರ ಕೈಯಲ್ಲಿರುವ ಮುಖ್ಯ ಅವಕಾಶ ಸಾರ್ವಜನಿಕ ಅಹವಾಲು ಸಭೆ. ಅದಕ್ಕೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಅಲ್ಲಿ ಎತ್ತಿದ ವಿಷಯಗಳೂ ಕಂಪನಿ ಕೊಟ್ಟ ಉತ್ತರಗಳೂ ದಾಖಲಾಗಬೇಕು. ಆ ದಿನ ‘ಪ್ರಾಣ ಹೋದರೂ ನೆಲ ಬಿಡೆವು’ ಎಂಬ ಮಾತು ಕಡತದಲ್ಲಿ ಒಂದು ಸಾಲಾಗುತ್ತದೆ. ಹಾಸುಗಳ ಅಳತೆ, ಒಣಗಿಸುವವರ ಹೆಸರು, ತಿಂಗಳುವಾರು ಬಳಕೆ, ಪಂಚಾಯಿತಿಯ ಠರಾವು ಕೊಟ್ಟರೆ ಕಂಪನಿ ಅದಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ.

ಆ ಅಳತೆ ಯಾವಾಗ ಆಗಬೇಕು ಎಂಬುದೂ ಮುಖ್ಯ. ಜೂನ್, ಜುಲೈನಲ್ಲಿ ಟೇಪು ಹಿಡಿದು ಹೋದರೆ ಮತ್ತೆ ‘ಖಾಲಿ’ ಎಂದೇ ಬರೆದುಕೊಂಡು ಬರಬೇಕಾಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ನಡುವೆ, ಹೊತ್ತು ಏರುವಾಗ, ಹೆಂಗಸರು ಮೀನು ಮಗುಚುತ್ತಿರುವಾಗ ಹೋಗಬೇಕು. ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮಲೆಕ್ಕಿಗ) ಜೊತೆ ಆ ಹೆಂಗಸರಲ್ಲಿ ಹಿರಿಯರಾದ ಇಬ್ಬರನ್ನು ಕರೆದುಕೊಂಡರೆ ಯಾವ ಹಾಸು ಎಲ್ಲಿಂದ ಎಲ್ಲಿಯವರೆಗೆ ಎಂದು ಕಾಲಲ್ಲೇ ಗೆರೆ ಎಳೆದು ತೋರಿಸುತ್ತಾರೆ.